ಆರ್ಕ್ಟಿಕ್‌ನ ಎರಡು ಊರುಗಳ ನಡುವೆ ವಿಮಾನದಲ್ಲಿ ಎಷ್ಟು ದೂರ? ನೀವೇ ಲೆಕ್ಕ ಹಾಕುವ ಕ್ರಮ

ಕೆನಡಾದ ದೂರದ ಉತ್ತರದಲ್ಲಿರುವ ರೆಸಲ್ಯೂಟ್‌ನಿಂದ ಗ್ರೀಸ್ ಫಿಯರ್ಡ್‌ಗೆ ವಿಮಾನದಲ್ಲಿ ಎಷ್ಟು ದೂರ? ಊರಿನ ಹೆಸರುಗಳು ಬದಲಾದರೂ ಓದುಗರಿಂದ ಬರುವ ಪ್ರಶ್ನೆ ಇದೇ. 383 ಕಿ.ಮೀ. ಎಂಬ ಉತ್ತರ ಸಿಕ್ಕಿತೆಂದು ಒಬ್ಬರು ಬರೆಯುತ್ತಾರೆ, 385 ಎಂದು ಇನ್ನೊಬ್ಬರು. ಗೋಡೆಯ ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು ನೋಡಿದವರಿಗೆ ಸಾವಿರ ದಾಟಿರುತ್ತದೆ. ಮೊದಲ ಇಬ್ಬರೂ ಸರಿ. ಮೂರನೆಯವರು ಎಲ್ಲಿ ಜಾರಿದರು ಎಂಬುದನ್ನು ತುಸು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಜಾರುವುದು ಅಲ್ಲಿಯೇ.

ಲೆಕ್ಕಕ್ಕೆ ಮೊದಲು ಊರುಗಳ ಪರಿಚಯ. ಎರಡೂ ನುನಾವುಟ್ ಪ್ರದೇಶಕ್ಕೆ ಸೇರಿದವು. ರೆಸಲ್ಯೂಟ್ ಇರುವುದು ಕಾರ್ನ್‌ವಾಲಿಸ್ ದ್ವೀಪದಲ್ಲಿ, ಗ್ರೀಸ್ ಫಿಯರ್ಡ್ ಇರುವುದು ಎಲ್ಸ್‌ಮಿಯರ್ ದ್ವೀಪದ ದಕ್ಷಿಣ ದಂಡೆಯಲ್ಲಿ. (ಯುರೋಪಿನ ಗ್ರೀಸ್ ದೇಶಕ್ಕೂ ಇದಕ್ಕೂ ಸಂಬಂಧವಿಲ್ಲ; ಹುಡುಕುವಾಗ ಪೂರ್ತಿ ಹೆಸರು ಕೊಡಿ.) 2021ರ ಜನಗಣತಿಯ ಪ್ರಕಾರ ರೆಸಲ್ಯೂಟ್‌ನಲ್ಲಿ 183 ಜನ, ಗ್ರೀಸ್ ಫಿಯರ್ಡ್‌ನಲ್ಲಿ 144 ಜನ. ಎರಡಕ್ಕೂ ಹೊರಗಿನಿಂದ ರಸ್ತೆಯೇ ಇಲ್ಲ. ನುನಾವುಟ್‌ನ ಯಾವ ಊರಿನಿಂದಲೂ ಇನ್ನೊಂದು ಊರಿಗೆ ರಸ್ತೆ ಇಲ್ಲ. ಬೇಸಿಗೆಯಲ್ಲಿ ಹಿಮ ಕರಗಿದಾಗ ಸರಕಿನ ಹಡಗು ಬರುತ್ತದೆ, ಉಳಿದಂತೆ ವಿಮಾನವೇ ಗತಿ.

ಇಷ್ಟು ದೂರದಲ್ಲಿ ಜನ ತಾವಾಗಿ ಬಂದು ನೆಲೆಸಿದ್ದೂ ಅಲ್ಲ. ಕೆನಡಾ ಸರ್ಕಾರ 1953 ಮತ್ತು 1955ರಲ್ಲಿ ಆರ್ಕ್ಟಿಕ್‌ನ ಮೂಲನಿವಾಸಿಗಳಾದ ಇನುಯಿಟ್ ಕುಟುಂಬಗಳನ್ನು ಇಲ್ಲಿಗೆ ತಂದು ಬಿಟ್ಟಿತು. ಅವರಲ್ಲಿ ಹೆಚ್ಚಿನವರು ಸುಮಾರು 2,000 ಕಿ.ಮೀ. ದಕ್ಷಿಣದ ಇನುಕ್ಜುವಾಕ್‌ನವರು. ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ. ದೂರದ ಲೆಕ್ಕ ಹಾಕುವವರು ಇದನ್ನು ತಿಳಿದಿದ್ದರೆ ಒಳ್ಳೆಯದು.

ಏನೇನು ಬೇಕು

ತ್ರಿಕೋನಮಿತಿಯ ಗುಂಡಿಗಳಿರುವ ಕ್ಯಾಲ್ಕುಲೇಟರ್ ಅಥವಾ ಮೊಬೈಲ್, ಇಲ್ಲವೇ ಕಂಪ್ಯೂಟರ್‌ನ ಲೆಕ್ಕದ ಹಾಳೆ. ಎರಡೂ ವಿಮಾನ ನಿಲ್ದಾಣಗಳ ಅಕ್ಷಾಂಶ ಮತ್ತು ರೇಖಾಂಶ. ಹತ್ತನೇ ತರಗತಿಯ ಗಣಿತ. ಅಕ್ಷಾಂಶವೆಂದರೆ ಸಮಭಾಜಕ ವೃತ್ತದಿಂದ ಉತ್ತರಕ್ಕೋ ದಕ್ಷಿಣಕ್ಕೋ ಎಷ್ಟು ಡಿಗ್ರಿ ಎಂಬುದು. ರೇಖಾಂಶವೆಂದರೆ ಗ್ರೀನಿಚ್‌ನಿಂದ ಪೂರ್ವಕ್ಕೋ ಪಶ್ಚಿಮಕ್ಕೋ ಎಷ್ಟು ಡಿಗ್ರಿ ಎಂಬುದು.

ಹಂತ 1: ಯಾವ ದೂರ ಬೇಕು ಎಂದು ತೀರ್ಮಾನಿಸಿ

‘ವಿಮಾನ ದೂರ’ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಸಂಖ್ಯೆಗಳು ಓಡಾಡುತ್ತವೆ. ಒಂದು, ಭೂಮಿಯ ಮೇಲ್ಮೈಗುಂಟ ಎರಡು ಬಿಂದುಗಳ ನಡುವಿನ ಅತಿ ಕಡಿಮೆ ದೂರ. ಇದಕ್ಕೆ ಮಹಾವೃತ್ತದ ದೂರ ಎನ್ನುತ್ತಾರೆ. ಭೂಗೋಲವನ್ನು ಸರಿಯಾಗಿ ಎರಡು ಹೋಳು ಮಾಡುವ ವೃತ್ತವೇ ಮಹಾವೃತ್ತ; ಎರಡೂ ಊರುಗಳನ್ನು ಹಾಯುವ ಅಂಥ ವೃತ್ತದ ಚಿಕ್ಕ ತುಂಡು ನಮಗೆ ಬೇಕಾದ ದೂರ. ಎರಡನೆಯದು, ಪೈಲಟ್ ನಿಜವಾಗಿ ಹಾರಿಸುವ ದೂರ. ಗಾಳಿ, ಬೆಟ್ಟ, ಇಳಿಯುವ ದಿಕ್ಕು ನೋಡಿ ಇದು ತುಸು ಹೆಚ್ಚಾಗುತ್ತದೆ. ಮೂರನೆಯದು, ಟಿಕೆಟ್ ಕೊಂಡ ಪ್ರಯಾಣಿಕ ಊರೂರು ಇಳಿದು ಹತ್ತಿ ಸಾಗುವ ಒಟ್ಟು ದೂರ.

ಶಾಲೆಯ ಯೋಜನೆಗೋ ರಸಪ್ರಶ್ನೆಗೋ ಆದರೆ ಮೊದಲನೆಯದು ಸಾಕು. ಹೋಗಿ ಬರುವ ಯೋಚನೆ ಇದ್ದರೆ ಮೂರನೆಯದೇ ಬೇಕು, ಮೊದಲನೆಯದನ್ನು ನಂಬಿ ಕುಳಿತರೆ ಕೆಟ್ಟಿರಿ. ಹೇಗೆಂದು ಹಂತ 7ರಲ್ಲಿ ನೋಡೋಣ.

ಹಂತ 2: ಊರಿನದಲ್ಲ, ನಿಲ್ದಾಣದ ಸ್ಥಳಾಂಕ ತೆಗೆದುಕೊಳ್ಳಿ

ಅಕ್ಷಾಂಶ ಮತ್ತು ರೇಖಾಂಶದ ಜೋಡಿಗೆ ಸ್ಥಳಾಂಕ ಎನ್ನೋಣ. ಗ್ರೀಸ್ ಫಿಯರ್ಡ್‌ನಲ್ಲಿ ರನ್‌ವೇ ಊರಿಗೆ ಅಂಟಿಕೊಂಡೇ ಇದೆ, ಹಾಗಾಗಿ ಯಾವುದನ್ನು ತೆಗೆದುಕೊಂಡರೂ ನಡೆಯುತ್ತದೆ. ರೆಸಲ್ಯೂಟ್‌ನಲ್ಲಿ ಹಾಗಲ್ಲ, ನಿಲ್ದಾಣ ಊರಿನಿಂದ ಕೆಲವು ಕಿಲೋಮೀಟರ್ ಆಚೆ ಇದೆ. ಹುಡುಕುವಾಗ ವಿಮಾನ ನಿಲ್ದಾಣದ ಸಂಕೇತ ಕೊಡುವುದು ಜಾಣತನ: ರೆಸಲ್ಯೂಟ್‌ಗೆ ವೈಆರ್‌ಬಿ, ಗ್ರೀಸ್ ಫಿಯರ್ಡ್‌ಗೆ ವೈಜಿಜೆಡ್.

ಹಳೆಯ ಪಟ್ಟಿಗಳ ಬಗ್ಗೆಯೂ ಎಚ್ಚರ. ಆರ್ಕ್ಟಿಕ್ ಬೇ ಎಂಬ ಊರಿಗೆ ಹಿಂದೆ ದೊಡ್ಡ ವಿಮಾನಗಳು ಬಂದಿಳಿಯುತ್ತಿದ್ದದ್ದು ನಾನಿಸಿವಿಕ್ ಗಣಿಯ ನಿಲ್ದಾಣದಲ್ಲಿ. ಗಣಿ 2002ರಲ್ಲಿ ಮುಚ್ಚಿತು, ಆಮೇಲೆ ಆ ನಿಲ್ದಾಣವೂ ಮುಚ್ಚಿ ವಿಮಾನಗಳು ಊರಿನ ನಿಲ್ದಾಣಕ್ಕೇ ಬರತೊಡಗಿದವು. ಇಂಥ ಮುಚ್ಚಿದ ನಿಲ್ದಾಣಗಳು ಹಳೆಯ ಪಟ್ಟಿಗಳಲ್ಲಿ ಇನ್ನೂ ಜೀವಂತವಾಗಿರುತ್ತವೆ.

ಹಂತ 3: ನಿಮಿಷಗಳನ್ನು ದಶಮಾಂಶಕ್ಕೆ ತನ್ನಿ

ಸ್ಥಳಾಂಕಗಳನ್ನು ಹಲವೆಡೆ ಡಿಗ್ರಿ, ನಿಮಿಷ, ಸೆಕೆಂಡುಗಳಲ್ಲಿ ಕೊಟ್ಟಿರುತ್ತಾರೆ. ಒಂದು ಡಿಗ್ರಿಗೆ 60 ನಿಮಿಷ. ರೆಸಲ್ಯೂಟ್ ನಿಲ್ದಾಣದ ಅಕ್ಷಾಂಶ 74 ಡಿಗ್ರಿ 43 ನಿಮಿಷ. 43ನ್ನು 60ರಿಂದ ಭಾಗಿಸಿದರೆ 0.717, ಆದ್ದರಿಂದ ಅದು 74.717. ಅವಸರದಲ್ಲಿ 74.43 ಎಂದು ಬರೆದುಕೊಂಡಿರೋ, ರೆಸಲ್ಯೂಟ್ ಸುಮಾರು 32 ಕಿ.ಮೀ. ದಕ್ಷಿಣಕ್ಕೆ ಸರಿಯಿತು.

ನಮ್ಮ ಲೆಕ್ಕಕ್ಕೆ ಬೇಕಾದ ನಾಲ್ಕು ಸಂಖ್ಯೆಗಳು ಇವು:

ರೆಸಲ್ಯೂಟ್: 74.717 ಉತ್ತರ, 94.969 ಪಶ್ಚಿಮ
ಗ್ರೀಸ್ ಫಿಯರ್ಡ್: 76.426 ಉತ್ತರ, 82.909 ಪಶ್ಚಿಮ

ಹಂತ 4: ಮೊದಲು ಅಂದಾಜು ಲೆಕ್ಕ

ನಿಖರ ಲೆಕ್ಕಕ್ಕೆ ಕೈ ಹಾಕುವ ಮೊದಲು ಕಾಗದದ ಮೇಲೆ ಒಂದು ಅಂದಾಜು ಮಾಡಿಕೊಳ್ಳಿ. ಮುಂದೆ ಕಂಪ್ಯೂಟರ್ ಏನಾದರೂ ಅಸಂಬದ್ಧ ಹೇಳಿದರೆ ಹಿಡಿಯಲು ಇದೇ ಆಧಾರ.

ಅಕ್ಷಾಂಶಗಳ ವ್ಯತ್ಯಾಸ 1.709 ಡಿಗ್ರಿ. ಉತ್ತರ-ದಕ್ಷಿಣವಾಗಿ ಒಂದು ಡಿಗ್ರಿ ಎಲ್ಲಿ ಅಳೆದರೂ ಹೆಚ್ಚುಕಡಿಮೆ 111.2 ಕಿ.ಮೀ. ಹಾಗಾಗಿ ಉತ್ತರ-ದಕ್ಷಿಣದ ಅಂತರ 190 ಕಿ.ಮೀ.

ರೇಖಾಂಶಗಳ ವ್ಯತ್ಯಾಸ 12.06 ಡಿಗ್ರಿ. ಇದನ್ನೂ 111.2ರಿಂದ ಗುಣಿಸಿದರೆ 1,341 ಕಿ.ಮೀ. ಬರುತ್ತದೆ. ತಪ್ಪಾಗುವುದು ಇಲ್ಲಿಯೇ. ರೇಖಾಂಶದ ಗೆರೆಗಳು ಸಮಾನಾಂತರವಲ್ಲ. ಧ್ರುವದ ಕಡೆ ಹೋದಂತೆ ಒತ್ತೊತ್ತಾಗಿ, ಕೊನೆಗೆ ಧ್ರುವದಲ್ಲಿ ಒಂದೇ ಬಿಂದುವಿನಲ್ಲಿ ಸೇರುತ್ತವೆ. ಕರ್ನಾಟಕದ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶಕ್ಕೆ ಸುಮಾರು 107 ಕಿ.ಮೀ. ಇರುತ್ತದೆ, ಆದ್ದರಿಂದ ನಮ್ಮಲ್ಲಿ ಈ ತಪ್ಪು ಮಾಡಿದರೂ ಯಾರ ಗಮನಕ್ಕೂ ಬರುವುದಿಲ್ಲ. ರೆಸಲ್ಯೂಟ್‌ನ ಆಸುಪಾಸಿನಲ್ಲಿ ಅದೇ ಒಂದು ಡಿಗ್ರಿಗೆ ಇರುವುದು ಬರೀ 28 ಕಿ.ಮೀ.

ಎಷ್ಟು ಕುಗ್ಗಿದೆ ಎಂದು ಹೇಳುವುದು ಅಕ್ಷಾಂಶದ ಕೊಸೈನ್. ಎರಡೂ ಊರುಗಳ ಸರಾಸರಿ ಅಕ್ಷಾಂಶ 75.57. ಅದರ ಕೊಸೈನ್ 0.249. ಈಗ 1,341ನ್ನು 0.249ರಿಂದ ಗುಣಿಸಿ: 334 ಕಿ.ಮೀ. ಇದು ಪೂರ್ವ-ಪಶ್ಚಿಮದ ನಿಜವಾದ ಅಂತರ. ಇನ್ನು ಪೈಥಾಗೊರಸ್ ಪ್ರಮೇಯ: 190ರ ವರ್ಗ, 334ರ ವರ್ಗ, ಎರಡನ್ನೂ ಕೂಡಿ ವರ್ಗಮೂಲ ತೆಗೆದರೆ 384 ಕಿ.ಮೀ. ಹತ್ತಿರದ ಊರುಗಳಿಗೆ ಈ ಅಂದಾಜೇ ಸಾಕು. ಸಾವಿರ ಕಿಲೋಮೀಟರ್ ದಾಟುವ ಜೋಡಿಗಳಿಗೆ ಮಾತ್ರ ಇದನ್ನು ನೆಚ್ಚಬೇಡಿ.

ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟವರಿಗೆ ಆದದ್ದೂ ಇದೇ. ಗೋಡೆಗೆ ತೂಗುಹಾಕುವ ಎಷ್ಟೋ ನಕ್ಷೆಗಳು, ಮೊಬೈಲಿನ ಹೆಚ್ಚಿನ ನಕ್ಷೆಗಳು ಮರ್ಕೇಟರ್ ಮಾದರಿಯವು. ಅದರಲ್ಲಿ ರೇಖಾಂಶದ ಗೆರೆಗಳನ್ನು ಸಮಾನಾಂತರವಾಗಿ ಎಳೆದಿರುತ್ತಾರೆ. ಆ ಸುಳ್ಳನ್ನು ಸರಿದೂಗಿಸಲು ಉತ್ತರ-ದಕ್ಷಿಣವನ್ನೂ ಅಷ್ಟೇ ಹಿಗ್ಗಿಸುತ್ತಾರೆ. ಈ ಊರುಗಳ ಅಕ್ಷಾಂಶದಲ್ಲಿ ಹಿಗ್ಗು ನಾಲ್ಕು ಪಟ್ಟು. ನಕ್ಷೆಯ ಮೂಲೆಯಲ್ಲಿರುವ ಮಾಪಕ ಸಮಭಾಜಕಕ್ಕೆ ಹೊಂದುವಂಥದ್ದಾದರೆ ನಿಮ್ಮ ಉತ್ತರವೂ ನಾಲ್ಕು ಪಟ್ಟಾಗುತ್ತದೆ. ಮೊಬೈಲ್ ನಕ್ಷೆಯಲ್ಲಿರುವ ದೂರ ಅಳೆಯುವ ಸಲಕರಣೆಯನ್ನು ಬಳಸಿದರೆ ಈ ತೊಂದರೆ ಇಲ್ಲ, ಅದು ಒಳಗೊಳಗೇ ಮಹಾವೃತ್ತದ ಲೆಕ್ಕ ಹಾಕುತ್ತದೆ.

ಹಂತ 5: ಮಹಾವೃತ್ತದ ಲೆಕ್ಕ

ಸೂತ್ರವನ್ನು ಮಾತಿನಲ್ಲೇ ಹೇಳುತ್ತೇನೆ. ಎರಡೂ ಅಕ್ಷಾಂಶಗಳ ಸೈನ್‌ಗಳನ್ನು ಪರಸ್ಪರ ಗುಣಿಸಿ. ಬೇರೆಯಾಗಿ, ಎರಡೂ ಅಕ್ಷಾಂಶಗಳ ಕೊಸೈನ್‌ಗಳನ್ನು ಗುಣಿಸಿ, ಅದನ್ನು ರೇಖಾಂಶ ವ್ಯತ್ಯಾಸದ ಕೊಸೈನ್‌ನಿಂದಲೂ ಗುಣಿಸಿ. ಎರಡು ಉತ್ತರಗಳನ್ನು ಕೂಡಿ. ಬಂದ ಸಂಖ್ಯೆಯ ವಿಲೋಮ ಕೊಸೈನ್ ತೆಗೆಯಿರಿ, ಅಂದರೆ ಯಾವ ಕೋನಕ್ಕೆ ಆ ಕೊಸೈನ್ ಬರುತ್ತದೆ ಎಂದು ನೋಡಿ. ಆ ಕೋನ ರೇಡಿಯನ್‌ನಲ್ಲಿರಲಿ. ಅದನ್ನು ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ.ನಿಂದ ಗುಣಿಸಿದರೆ ದೂರ ಸಿಕ್ಕಿತು. ರೇಡಿಯನ್ ಎಂಬುದು ಕೋನದ ಇನ್ನೊಂದು ಅಳತೆ; ಡಿಗ್ರಿಯನ್ನು 0.0174533ರಿಂದ ಗುಣಿಸಿದರೆ ರೇಡಿಯನ್.

ನಮ್ಮ ಜೋಡಿಗೆ ಕೂಡಿದ ಮೊತ್ತ 0.9982ರ ಹತ್ತಿರ, ಕೋನ 0.0602 ರೇಡಿಯನ್‌ನ ಸುತ್ತಮುತ್ತ, ದೂರ 383 ಕಿ.ಮೀ.

ಇಲ್ಲಿ ಎರಡು ಹೊಂಡಗಳಿವೆ. ನಡುವೆ ಅಂಕಿಗಳನ್ನು ಕತ್ತರಿಸಬೇಡಿ. ಮೊತ್ತವನ್ನು 0.998 ಎಂದು ಮೂರೇ ಸ್ಥಾನಕ್ಕೆ ಇಳಿಸಿದರೆ ಉತ್ತರ 403 ಕಿ.ಮೀ. ಆಗುತ್ತದೆ, ಇಪ್ಪತ್ತು ಕಿಲೋಮೀಟರ್ ಹೆಚ್ಚು! ಕ್ಯಾಲ್ಕುಲೇಟರ್‌ನಲ್ಲಿ ಬಂದಷ್ಟೂ ಅಂಕಿಗಳನ್ನು ಉಳಿಸಿಕೊಂಡು ಕೊನೆಯಲ್ಲಿ ಮಾತ್ರ ಸರಿಹೊಂದಿಸಿ.

ಎರಡನೆಯದು ಇನ್ನೂ ಮೋಸದ್ದು. ಲೆಕ್ಕದ ಹಾಳೆಗಳು ಕೋನವನ್ನು ರೇಡಿಯನ್ ಎಂದೇ ಭಾವಿಸುತ್ತವೆ. ನೀವು 75.57ರ ಕೊಸೈನ್ ಕೇಳಿದರೆ ಅದು 0.249 ಅನ್ನುವುದಿಲ್ಲ, 0.985 ಅನ್ನುತ್ತದೆ. ಋಣ ಸಂಖ್ಯೆಯೋ ಒಂದಕ್ಕಿಂತ ಹೆಚ್ಚೋ ಬಂದಿದ್ದರೆ ಅನುಮಾನ ಮೂಡುತ್ತಿತ್ತು, 0.985 ನೋಡಲು ಎಷ್ಟು ಸಭ್ಯವಾಗಿದೆ ಎಂದರೆ ಯಾರೂ ಎರಡನೇ ಸಲ ತಿರುಗಿ ನೋಡುವುದಿಲ್ಲ. ಹಂತ 4ರ ಲೆಕ್ಕದಲ್ಲಿ ಅದನ್ನು ಹಾಕಿದರೆ ದೂರ 1,335 ಕಿ.ಮೀ. ಆಗುತ್ತದೆ. ಕಾಗದದ ಮೇಲೆ ಅಂದಾಜು ಮಾಡಿಟ್ಟುಕೊಳ್ಳಿ ಎಂದದ್ದು ಇದಕ್ಕೇ.

ಪೂರ್ವ-ಪಶ್ಚಿಮದ ಚಿಹ್ನೆಗಳನ್ನೂ ಗಮನಿಸಿ. ನಮ್ಮ ಎರಡೂ ಊರುಗಳು ಪಶ್ಚಿಮದಲ್ಲಿವೆ, ಕಳೆದರಾಯಿತು. ಆದರೆ ರಷ್ಯಾದ ಅನಾದಿರ್ 177.74 ಪೂರ್ವದಲ್ಲಿದೆ, ಅಲಾಸ್ಕಾದ ನೋಮ್ 165.45 ಪಶ್ಚಿಮದಲ್ಲಿದೆ. ಎರಡನ್ನೂ ಕೂಡಿದರೆ 343 ಡಿಗ್ರಿ, ಅಂದರೆ ಭೂಮಿಯನ್ನು ಹೆಚ್ಚುಕಡಿಮೆ ಪೂರ್ತಿ ಸುತ್ತಿದಂತೆ. ವ್ಯತ್ಯಾಸ 180 ದಾಟಿದರೆ ಅದನ್ನು 360ರಿಂದ ಕಳೆಯಿರಿ: 16.8 ಡಿಗ್ರಿ. ಆ ಎರಡು ಊರುಗಳ ನಡುವಿನ ನಿಜವಾದ ದೂರ 800 ಕಿ.ಮೀ.

ಇನ್ನೊಂದು ಸಂಗತಿ ನನಗೆ ಇಷ್ಟವಾದದ್ದು. ರೆಸಲ್ಯೂಟ್‌ನಿಂದ ಹೊರಡುವಾಗ ವಿಮಾನದ ಮೂತಿ ಉತ್ತರದಿಂದ ಪೂರ್ವಕ್ಕೆ ಸುಮಾರು 55 ಡಿಗ್ರಿ ಇರಬೇಕು. ಅತಿ ಕಡಿಮೆ ದೂರದ ಹಾದಿಯಲ್ಲೇ ಹೋಗಿ ಗ್ರೀಸ್ ಫಿಯರ್ಡ್ ತಲುಪುವಾಗ ಅದು 66 ಡಿಗ್ರಿ ಆಗಿರುತ್ತದೆ. ವಿಮಾನ ಎಲ್ಲೂ ತಿರುಗಿಲ್ಲ. ‘ಉತ್ತರ’ ಎಂಬುದೇ ದಾರಿಯುದ್ದಕ್ಕೂ ತಿರುಗಿದೆ. ದಿಕ್ಸೂಚಿಯನ್ನಂತೂ ಅಲ್ಲಿ ನೆಚ್ಚುವಂತಿಲ್ಲ, ಏಕೆಂದರೆ ಭೂಮಿಯ ಕಾಂತಕ್ಷೇತ್ರ ಅಲ್ಲಿ ಹೆಚ್ಚುಕಡಿಮೆ ನೇರ ಕೆಳಕ್ಕೇ ಎಳೆಯುತ್ತದೆ. ಕೆನಡಾದ ಉತ್ತರ ವಾಯುಪ್ರದೇಶದಲ್ಲಿ ರನ್‌ವೇಗಳ ಸಂಖ್ಯೆಯನ್ನೂ ಕಾಂತೀಯ ಉತ್ತರದ ಬದಲು ನಿಜವಾದ ಉತ್ತರವನ್ನು ಆಧರಿಸಿ ಕೊಡುತ್ತಾರೆ.

ಹಂತ 6: 383ಕ್ಕೂ 385ಕ್ಕೂ ಏಕೆ ವ್ಯತ್ಯಾಸ

ಭೂಮಿ ಪೂರ್ತಿ ಗೋಳವಲ್ಲ. ಸಮಭಾಜಕದಲ್ಲಿ ತ್ರಿಜ್ಯ 6,378 ಕಿ.ಮೀ., ಧ್ರುವದಲ್ಲಿ 6,357. ಧ್ರುವದ ಕಡೆ ನೆಲ ತುಸು ಚಪ್ಪಟೆಯಾಗಿರುವುದರಿಂದ ಒಂದು ಡಿಗ್ರಿಯ ಉದ್ದ ಅಲ್ಲಿ 111.6 ಕಿ.ಮೀ. ದಾಟುತ್ತದೆ. ಗೋಳವೆಂದು ಹಿಡಿದರೆ 383, ನಿಜವಾದ ಆಕಾರ ಹಿಡಿದರೆ 385. ಜಗಳಕ್ಕೆ ಕಾರಣವಿಲ್ಲ. ಏಕಮಾನ ಮಾತ್ರ ನೋಡಿಕೊಳ್ಳಿ: ಇದೇ ದೂರವನ್ನು 207 ಅಥವಾ 208 ನಾಟಿಕಲ್ ಮೈಲಿ ಎಂದೂ, 239 ಮೈಲಿ ಎಂದೂ ಕೊಟ್ಟಿರುತ್ತಾರೆ. ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ., ಸಾಮಾನ್ಯ ಮೈಲಿ ಎಂದರೆ 1.609. ವಿಮಾನದವರು ಬರೀ ‘ಮೈಲಿ’ ಎಂದರೆ ನಾಟಿಕಲ್ ಎಂದೇ ತಿಳಿಯಿರಿ.

ಹಂತ 7: ವಿಮಾನ ನಿಜವಾಗಿ ಎಲ್ಲಿಂದ ಹೊರಡುತ್ತದೆ?

ಲೆಕ್ಕ ಮುಗಿಯಿತು ಎಂದುಕೊಳ್ಳುವವರು ಇಲ್ಲಿಂದ ಮುಂದೆ ಓದಬೇಕು.

ನುನಾವುಟ್‌ನ ರಾಜಧಾನಿ ಇಕಾಲುಯಿಟ್‌ನಿಂದ ಗ್ರೀಸ್ ಫಿಯರ್ಡ್‌ಗೆ ಮಹಾವೃತ್ತದ ದೂರ 1,500 ಕಿ.ಮೀ. ಅದೇ ಇಕಾಲುಯಿಟ್‌ನಿಂದ ರೆಸಲ್ಯೂಟ್‌ಗೆ 1,575 ಕಿ.ಮೀ. ಅಂದರೆ ರಾಜಧಾನಿಗೆ ಗ್ರೀಸ್ ಫಿಯರ್ಡ್ಡೇ ಹತ್ತಿರ. ಆದರೂ ಪ್ರಯಾಣಿಕ ಮೊದಲು ರೆಸಲ್ಯೂಟ್‌ಗೆ ಹೋಗಿ, ಅಲ್ಲಿಂದ ಸಣ್ಣ ವಿಮಾನ ಹಿಡಿಯಬೇಕು. ಒಟ್ಟು 1,958 ಕಿ.ಮೀ. ಕಾರಣ ಗ್ರೀಸ್ ಫಿಯರ್ಡ್‌ನ ರನ್‌ವೇ. ಅದು ಜಲ್ಲಿ ಹಾಸಿದ ಗಿಡ್ಡ ಪಟ್ಟಿ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಸಮುದ್ರ. ದೊಡ್ಡ ವಿಮಾನಕ್ಕೆ ಅಲ್ಲಿ ಜಾಗವಿಲ್ಲ. ಬಂದಿಳಿಯುವುದು ಟ್ವಿನ್ ಆಟರ್: ಎರಡು ಎಂಜಿನ್‌ಗಳ, ಹೆಚ್ಚೆಂದರೆ 19 ಆಸನಗಳ, ಗಿಡ್ಡ ಜಾಗದಲ್ಲಿ ಏರಿಳಿಯಲೆಂದೇ ಮಾಡಿದ ಕೆನಡಾದ ವಿಮಾನ. ಚಕ್ರದ ಜಾಗದಲ್ಲಿ ಹಿಮಜಾರುಪಟ್ಟಿ ಕಟ್ಟಿಯೂ ಅದನ್ನು ಇಳಿಸುತ್ತಾರೆ.

ಇದಕ್ಕಿಂತ ಸೋಜಿಗದ ಜೋಡಿ ಇನ್ನೊಂದಿದೆ. ಗ್ರೀಸ್ ಫಿಯರ್ಡ್‌ನ ಪೂರ್ವಕ್ಕೆ, ಸಮುದ್ರದ ಆಚೆ, ಗ್ರೀನ್‌ಲ್ಯಾಂಡ್‌ನ ಕಾನಾಕ್ ಎಂಬ ಊರಿದೆ. ಸ್ಥಳಾಂಕ 77.489 ಉತ್ತರ, 69.389 ಪಶ್ಚಿಮ. ಮೇಲಿನ ಸೂತ್ರದಲ್ಲಿ ಹಾಕಿ ನೋಡಿ, 358 ಕಿ.ಮೀ. ಬರುತ್ತದೆ, ರೆಸಲ್ಯೂಟ್‌ಗಿಂತಲೂ ಹತ್ತಿರ. ಆದರೆ ಇವೆರಡರ ನಡುವೆ ನಿಯಮಿತ ವಿಮಾನವಿಲ್ಲ. ನಡುವೆ ಇರುವುದು ಎರಡು ದೇಶಗಳ ಗಡಿ. ಟಿಕೆಟ್ ಕೊಂಡು ಹೋಗುವವರ ದಾರಿ ಹೀಗಿರುತ್ತದೆ: ಗ್ರೀಸ್ ಫಿಯರ್ಡ್‌ನಿಂದ ರೆಸಲ್ಯೂಟ್ 383, ಅಲ್ಲಿಂದ ಇಕಾಲುಯಿಟ್ 1,575, ಅಲ್ಲಿಂದ ಗ್ರೀನ್‌ಲ್ಯಾಂಡ್‌ನ ನೂಕ್ 822, ಅಲ್ಲಿಂದ ಇಲುಲಿಸಾಟ್ 562, ಅಲ್ಲಿಂದ ಕಾನಾಕ್ 1,076. ಒಟ್ಟು 4,418 ಕಿ.ಮೀ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದಂತೆ ಎನ್ನುವುದು ಇದಕ್ಕೆ. ಅದೂ ಬೇಸಿಗೆಯಾದರೆ, ಆ ವರ್ಷ ವಿಮಾನ ಇದ್ದರೆ ಮಾತ್ರ. ಇಕಾಲುಯಿಟ್ ಮತ್ತು ನೂಕ್ ನಡುವೆ 2024ರಲ್ಲಿ ಶುರುವಾದದ್ದು ಋತುಮಾನದ ಸೇವೆ. ಅದು ಇಲ್ಲದ ತಿಂಗಳುಗಳಲ್ಲಿ ಯುರೋಪ್ ಸುತ್ತಬೇಕಾಗುತ್ತದೆ.

ಆದ್ದರಿಂದ ಪ್ರಯಾಣದ ಲೆಕ್ಕ ಹಾಕುವವರು ಪ್ರತಿ ತುಂಡಿನ ದೂರವನ್ನೂ ಬೇರೆ ಬೇರೆ ತೆಗೆದು ಕೂಡಬೇಕು, ಆ ತುಂಡಿನಲ್ಲಿ ವಿಮಾನ ಇದೆಯೇ, ವಾರದಲ್ಲಿ ಯಾವ ದಿನ ಇದೆ ಎಂದು ಆ ತಿಂಗಳ ವೇಳಾಪಟ್ಟಿಯಲ್ಲೇ ನೋಡಬೇಕು. ನಡುವೆ ಒಂದು ವಿಮಾನ ತಪ್ಪಿದರೆ ಮುಂದಿನದಕ್ಕೆ ದಿನಗಟ್ಟಲೆ ಕಾಯಬೇಕಾದೀತು. ಮಂಜು ಕವಿದು ಇಳಿಯಲಾಗದೆ, ಊರಿನ ಹತ್ತಿರದವರೆಗೂ ಬಂದ ವಿಮಾನ ಹೊರಟಲ್ಲಿಗೇ ಮರಳುವುದೂ ಉಂಟು. ಆಗ ನೀವು ಹಾರಿದ್ದು 770 ಕಿ.ಮೀ., ತಲುಪಿದ್ದು ರೆಸಲ್ಯೂಟ್! ಸಂಪರ್ಕ ವಿಮಾನಗಳ ನಡುವೆ ಒಂದೆರಡು ದಿನ ಸಡಿಲ ಬಿಡದೆ ಟಿಕೆಟ್ ಕೊಳ್ಳಬೇಡಿ.

ಹಂತ 8: ದೂರದಿಂದ ಸಮಯ

ಟ್ವಿನ್ ಆಟರ್ ಗಂಟೆಗೆ ಸುಮಾರು 270 ಕಿ.ಮೀ. ವೇಗದಲ್ಲಿ ಹೋಗುತ್ತದೆ ಎಂದು ಹಿಡಿದರೆ 383 ಕಿ.ಮೀ.ಗೆ ಒಂದು ಗಂಟೆ 25 ನಿಮಿಷ. ಏರಿಳಿಯುವ ಹೊತ್ತು ಸೇರಿಸಿ ಒಂದೂವರೆ ಗಂಟೆ ಎನ್ನಿ. ದೊಡ್ಡ ಜೆಟ್‌ಗಳ ವೇಗದಿಂದ ಭಾಗಿಸುವ ತಾಣಗಳು ಅರ್ಧ ಗಂಟೆ ಎಂದು ತೋರಿಸುತ್ತವೆ, ನಂಬಬೇಡಿ.

ವೇಳಾಪಟ್ಟಿ ನೋಡಿ ಹಿಂದುಮುಂದಾಗಿ ಲೆಕ್ಕ ಹಾಕುವವರಿಗೆ ಇನ್ನೊಂದು ಮಾತು. ರೆಸಲ್ಯೂಟ್‌ನ ಗಡಿಯಾರ ಗ್ರೀಸ್ ಫಿಯರ್ಡ್‌ನದಕ್ಕಿಂತ ಒಂದು ಗಂಟೆ ಹಿಂದೆ. ಬೆಳಿಗ್ಗೆ 10ಕ್ಕೆ ಹೊರಟು 12.30ಕ್ಕೆ ಇಳಿಯುತ್ತದೆ ಎಂದಿದ್ದರೆ ಹಾರಾಟ ಎರಡೂವರೆ ಗಂಟೆಯದಲ್ಲ, ಒಂದೂವರೆಯದು. ಮರಳಿ ಬರುವಾಗ ಇದೇ ಒಂದೂವರೆ ಗಂಟೆ ಅರ್ಧ ಗಂಟೆಯಂತೆ ಕಾಣುತ್ತದೆ.

ನೀವೇ ಮಾಡಿ ನೋಡಿ

ಭಾರತದ ಆರ್ಕ್ಟಿಕ್ ಸಂಶೋಧನಾ ಕೇಂದ್ರ ಹಿಮಾದ್ರಿ 2008ರಿಂದ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಸಮೂಹದ ನ್ಯೂ ಒಲೆಸುಂಡ್‌ನಲ್ಲಿದೆ. ನಮ್ಮ ವಿಜ್ಞಾನಿಗಳು ಅಲ್ಲಿಗೆ ವಿಮಾನದಲ್ಲಿ ಹೋಗುವುದು ಲಾಂಗ್‌ಇಯರ್‌ಬೈನ್‌ನಿಂದ. ಲಾಂಗ್‌ಇಯರ್‌ಬೈನ್ ನಿಲ್ದಾಣ 78.246 ಉತ್ತರ, 15.466 ಪೂರ್ವ, ನ್ಯೂ ಒಲೆಸುಂಡ್ ನಿಲ್ದಾಣ 78.927 ಉತ್ತರ, 11.874 ಪೂರ್ವ. ಹಂತ 4ರ ಅಂದಾಜಿನಲ್ಲೇ ಮಾಡಿ. ಉತ್ತರ 110 ಕಿ.ಮೀ. ಆಸುಪಾಸಿನಲ್ಲಿರಬೇಕು. 400 ದಾಟಿದರೆ ಕೊಸೈನ್ ಬಿಟ್ಟಿದ್ದೀರಿ ಅಥವಾ ರೇಡಿಯನ್ ಮರೆತಿದ್ದೀರಿ. ಯಾವುದೆಂದು ತಿಳಿಯಲು ಕೊಸೈನ್ ಇರುವ ಜಾಗವನ್ನು ನೋಡಿ: ಅಲ್ಲಿ 0.198 ಇರಬೇಕಾದಲ್ಲಿ ಋಣ 0.999 ಇದ್ದರೆ ರೇಡಿಯನ್‌ನದೇ ಕಿತಾಪತಿ.